ಸಾವಿನ ಹಾಡಿಗೆ ನಾಲ್ಕು ದನಿ

ನಾವು ಮನೆ ಕಟ್ಟುವವನನ್ನು ಮೇಸ್ತ್ರಿ ಎನ್ನುತ್ತೇವೆ. ಬ್ರೆಜಿಲ್ ದೇಶದಲ್ಲಿ ಸಂಗೀತ ಕಲಿಸುವ ಗುರುವನ್ನೂ ಹೆಚ್ಚುಕಡಿಮೆ ಅದೇ ಮಾತಿನಿಂದ ಕರೆಯುತ್ತಾರೆ.

ಅಲ್ಲಿನ ಸಾವೊ ಫ್ರಾನ್ಸಿಸ್ಕೊ ಎಂಬ ದೊಡ್ಡ ನದಿಯ ದಂಡೆಯಲ್ಲಿ ಅಂಥ ಒಬ್ಬ ಗುರು ಇದ್ದರು. ಹೆಸರು ಒತಾವಿಯಾನೊ.

ಹರೆಯದಲ್ಲಿ ಅವರು ಹಡಗು ಹತ್ತಿ ಯುರೋಪಿಗೆ ಹೋಗಿದ್ದರು. ಅಲ್ಲಿಯ ಚರ್ಚುಗಳಲ್ಲಿ ಆರ್ಗನ್ ನುಡಿಸಲು ಕಲಿತರು. ಒಂದು ದನಿಗೆ ಇನ್ನೊಂದು ದನಿ ಹೆಣೆದು ಸಂಗೀತ ಬರೆಯುವುದನ್ನೂ ಕಲಿತರು. ತಿರುಗಿ ಬಂದ ಮೇಲೆ ದೋಣಿಯವರ ಹಾಡು, ದನ ಕಾಯುವವರ ಕೂಗು, ಬಟ್ಟೆ ಒಗೆಯುವವರ ಪದ, ಇವನ್ನೆಲ್ಲ ಪಿಟೀಲಿಗೂ ದಪ್ಪ ದನಿಯ ದೊಡ್ಡ ಪಿಟೀಲಾದ ಸೆಲ್ಲೊಗೂ ಹೊಂದಿಸಿ ಬರೆಯತೊಡಗಿದರು. ನಗರದ ಜನ ಮೊದಲು ನಕ್ಕರು. ಆಮೇಲೆ ಟಿಕೆಟ್ ಕೊಂಡು ಕೇಳಿದರು.

ವಯಸ್ಸಾದ ಮೇಲೆ ಗುರು ನಗರ ಬಿಟ್ಟು ನದಿಯ ಹತ್ತಿರ ಬಂದು ಕೂತರು. ಮನೆಯಲ್ಲಿ ಒಂದು ಪಿಯಾನೊ, ಒಂದು ಮಂಚ, ನೀರಿನ ಕಡೆಗೆ ತೆರೆದ ಒಂದು ಕಿಟಕಿ. ಶಿಷ್ಯರು ಬಂದರು, ಹೋದರು. ಕೊನೆಗೆ ಉಳಿದವಳು ಜುಲ್ಮೀರಾ.

ಅವಳು ಒಳನಾಡಿನ ಮುಳ್ಳುಗಾಡಿನವಳು. ಮಾತು ಕಡಿಮೆ, ಕಿವಿ ಚುರುಕು. ಗುರು ಹೇಳಿದ್ದನ್ನೆಲ್ಲ ಕಲಿತಳು. ಬೆಳಿಗ್ಗೆ ಎದ್ದು ಹಳೆಯ ಜರ್ಮನ್ ಚರ್ಚುಗಳ ರಾಗಗಳನ್ನು ತಪ್ಪಿಲ್ಲದೆ ನುಡಿಸುತ್ತಿದ್ದಳು.

ಒಂದು ದಿನ ಅವಳು ಕೇಳಿದಳು.

"ಮೇಸ್ತ್ರಿ, ನನ್ನದೇ ಆದ ಒಂದು ಕೃತಿ ಬರೀಬೇಕು ಅಂತಿದೀನಿ. ನಮ್ಮ ಕಡೆಯ ಯಾವ ಹಾಡು ತಗೊಳ್ಳಲಿ?"

"ನಿನಗೆ ಭಯ ಆಗೋ ಹಾಡು ಯಾವುದೋ ಅದನ್ನ."

ಅವಳು ದನಗಾಹಿಗಳ ಒಂದು ಹಾಡು ತಂದಳು. ಹುಲ್ಲುಗಾವಲಲ್ಲಿ ಹಿಂಡು ಚದುರಿದಾಗ ಕೂಗಿ ಹೇಳುವಂಥದು. ಗುರು ಪೂರ್ತಿ ಕೇಳಿದರು.

"ಚೆನ್ನಾಗಿದೆ. ಇದರಲ್ಲಿ ಭಯ ಎಲ್ಲಿದೆ?"

ಇನ್ನೊಂದು ತಂದಳು. ಗುಮ್ಮ ಬರ್ತಾನೆ ಮಲಗು ಎಂದು ಮಕ್ಕಳನ್ನು ಹೆದರಿಸಿ ಮಲಗಿಸುವ ಹಾಡು.

"ಗುಮ್ಮ ಬಂದರೆ ನೀನೇ ಕುರ್ಚಿ ಹಾಕಿ ಕೂರಿಸ್ತೀಯ. ಬೇರೆ ತಾ."

ಜುಲ್ಮೀರಾ ತಲೆ ತಗ್ಗಿಸಿದಳು.

"ಒಂದಿದೆ. ಅದನ್ನ ಇಲ್ಲಿ ಹಾಡೋಕಾಗಲ್ಲ."

"ಹಾಡಬೇಡ. ಅದರ ವಿಷಯ ಹೇಳು."

"ನಮ್ಮೂರಲ್ಲಿ ಯಾರಾದರೂ ಸಾಯೋ ಹೊತ್ತಿಗೆ ಹೆಂಗಸರು ಮಂಚದ ಸುತ್ತ ಕೂತು ಹಾಡ್ತಾರೆ. ಹೋಗೋ ಜೀವ ದಾರಿ ತಪ್ಪದೆ ಇರಲಿ ಅಂತ. ನಮ್ಮಜ್ಜಿ ಫೆಲಿಸ್ಬೆರ್ತಾ ಮೊದಲು ಹಾಡು ಎತ್ತಿಕೊಳ್ತಿದ್ದಳು, ಉಳಿದವರು ಹಿಂದಿನಿಂದ ಬರ್ತಿದ್ದರು. ಸಾವಿಲ್ಲದ ಮನೆಯಲ್ಲಿ ಅದನ್ನ ಹಾಡಬಾರದು. ಹಾಡಿದರೆ ಕರೆದ ಹಾಗೆ."

"ಯಾರಾದರೂ ಕರೆದಿದ್ದರಾ?"

"ನಮ್ಮ ದಲ್ವಾ ಚಿಕ್ಕಮ್ಮ. ಮರಗೆಣಸು ಹೆರೀತಾ ಕೂತಿದ್ದೆವು. ಅಜ್ಜಿ ಮನೆಯಲ್ಲಿರಲಿಲ್ಲ. ಚಿಕ್ಕಮ್ಮ ಅಜ್ಜಿಯ ಹಾಗೆ ಮುಖ ಗಂಟಿಕ್ಕಿಕೊಂಡು, ಅಜ್ಜಿಯ ದನಿಯಲ್ಲೇ ಹಾಡಿ ತೋರಿಸಿದಳು. ನಾವೆಲ್ಲ ಹೊಟ್ಟೆ ಹಿಡಕೊಂಡು ನಕ್ಕೆವು. ಅದೇ ವಾರ ಅವಳ ಕೂಸಿಗೆ ಜ್ವರ ಬಂತು. ಅಜ್ಜಿ ಬಂದು ತೊಟ್ಟಿಲ ಪಕ್ಕ ಕೂತು ಅದೇ ಹಾಡು ಹಾಡಿದಳು. ಚಿಕ್ಕಮ್ಮ ಆಮೇಲೆ ದನಿ ಎತ್ತಿ ಮಾತಾಡಿದ್ದನ್ನ ನಾನು ಕೇಳಿಲ್ಲ."

ಗುರು ಕಿಟಕಿಯಾಚೆ ನೋಡಿದರು.

"ಕೂಸಿಗೆ ಜ್ವರ ಶುರುವಾಗಿದ್ದು ಹಾಡಿದ ಮೇಲೋ, ಹಾಡೋದಕ್ಕೆ ಮೊದಲೋ?"

"ಗೊತ್ತಿಲ್ಲ, ಮೇಸ್ತ್ರಿ. ಚಿಕ್ಕಮ್ಮ ಹಾಡಿದ್ದು ಎಲ್ಲರಿಗೂ ನೆನಪಿದೆ. ಜ್ವರ ಯಾವಾಗ ಬಂತು ಅನ್ನೋದು ಯಾರಿಗೂ ನೆನಪಿಲ್ಲ."

ಗುರು ಅದನ್ನು ಮೂಢನಂಬಿಕೆ ಎನ್ನಲಿಲ್ಲ. ನಿಜ ಎಂದೂ ಅನ್ನಲಿಲ್ಲ.

"ಅದನ್ನೇ ಬರೆ," ಎಂದರು.

ಜುಲ್ಮೀರಾ ಬರೆಯಲು ಕೂತಳು. ಎರಡು ಪಿಟೀಲು, ಪಿಟೀಲಿಗಿಂತ ತುಸು ತಗ್ಗು ದನಿಯ ಒಂದು ವಿಯೋಲ, ಒಂದು ಸೆಲ್ಲೊ. ಯುರೋಪಿನವರು ಫ್ಯೂಗ್ ಎನ್ನುವ ಕಟ್ಟನ್ನು ಅವಳು ಆರಿಸಿಕೊಂಡಳು. ಅದರಲ್ಲಿ ಒಂದು ದನಿ ಹಾಡನ್ನು ಎತ್ತಿಕೊಂಡು ಹೊರಡುತ್ತದೆ. ಇನ್ನೊಂದು ಅದೇ ಹಾಡು ಹಿಡಿದು ಅದರ ಬೆನ್ನು ಹತ್ತುತ್ತದೆ. ಆಮೇಲೆ ಮತ್ತೊಂದು. ಅಜ್ಜಿಯ ಹಿಂದೆ ಹೆಂಗಸರು ಬರುತ್ತಿದ್ದುದೂ ಹೀಗೆಯೇ ಎಂದು ಅವಳಿಗೆ ಬರೆಯುವಾಗ ಹೊಳೆಯಿತು.

ಹೊಳೆದಾಗ ಸಂತೋಷವಾಗಲಿಲ್ಲ. ಬೆನ್ನ ಹಿಂದೆ ಯಾರೋ ಬಂದು ನಿಂತಂತಾಯಿತು.

ಕೆಲವು ವಾರ ಕಳೆದ ಮೇಲೆ ಅವಳು ಅದನ್ನು ಪಿಯಾನೊದಲ್ಲಿ ನುಡಿಸಿ ತೋರಿಸಿದಳು. ಗುರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಬೆರಳಿನಿಂದ ಪಿಯಾನೊದ ಒಂದು ಕೀ ಒತ್ತಿದರು.

"ಈ ಸ್ವರ. ತಣ್ಣೀರಿಗೆ ಇಳಿಯೋಕೆ ಹೆದರಿ ಕಾಲು ಎತ್ತಿಕೊಂಡವರ ಹಾಗೆ ನಿಂತಿದೆ. ನಿಮ್ಮಜ್ಜಿ ಹೀಗೇ ಹಾಡ್ತಿದ್ದಳಾ?"





"ಇಲ್ಲ, ಮೇಸ್ತ್ರಿ. ಅಜ್ಜಿ ಅಲ್ಲಿ ಕೆಳಗೆ ಇಳೀತಿದ್ದಳು. ನಾನು ಬೇಕಂತಲೇ ಮೇಲಕ್ಕೆ ಎತ್ತಿದೆ."

"ಯಾಕೆ?"

"ಒಂದು ಸ್ವರ ಬೇರೆಯಾದರೆ ಅದು ಆ ಹಾಡಲ್ಲ. ಆ ಹಾಡಲ್ಲದಿದ್ದರೆ ಯಾರನ್ನೂ ಕರೆಯಲ್ಲ."

ಗುರು ನಗಲಿಲ್ಲ.

"ಬೆಳಿಗ್ಗೆ ಎದ್ದು ಯಾವ ರಾಗ ನುಡಿಸ್ತೀಯ?"

"ನೀವು ಕಲಿಸಿದ ಜರ್ಮನ್ ಚರ್ಚಿನ ರಾಗಗಳು."

"ಅವನ್ನ ಅಲ್ಲಿಯ ಜನ ಎಲ್ಲಿ ಹಾಡ್ತಿದ್ದರು, ಗೊತ್ತಾ?"

"ಚರ್ಚಿನಲ್ಲಿ."

"ಹೆಣದ ಪೆಟ್ಟಿಗೆಯ ಮುಂದೆಯೂ ಹಾಡ್ತಿದ್ದರು. ಪ್ಲೇಗ್ ಬಂದಾಗ ಬೀದಿಯಲ್ಲಿ ಹಾಡ್ತಿದ್ದರು. ಮಗು ಕಳಕೊಂಡವರು ಅಳ್ತಾ ಹಾಡ್ತಿದ್ದರು. ನೀನು ಅವನ್ನ ನುಡಿಸಿ, ಕಾಫಿ ಕುಡಿದು, ಪಾತ್ರೆ ತೊಳೀತೀಯ."

ಜುಲ್ಮೀರಾಳ ಕೈ ಪಿಯಾನೊ ಮೇಲೆಯೇ ಇತ್ತು. ಮೆಲ್ಲಗೆ ಎತ್ತಿಕೊಂಡಳು.

"ನೀನು ಹೆದರದೆ ನುಡಿಸೋದೆಲ್ಲ ಬೇರೆಯವರ ಸಾವು," ಎಂದರು ಗುರು. "ಹೋಗು. ಆ ಸ್ವರವನ್ನ ಕೆಳಗಿಳಿಸು."

ಅವಳು ಕೂಡಲೇ ಇಳಿಸಲಿಲ್ಲ. ಊರ ಕಡೆ ಹೋಗಿಬರುವ ದೋಣಿಯವರ ಹತ್ತಿರ ಮನೆಯವರೆಲ್ಲ ಹೇಗಿದ್ದಾರೆಂದು ವಿಚಾರಿಸಿದಳು. ಎಲ್ಲರೂ ಚೆನ್ನಾಗಿದ್ದಾರೆ ಎಂದು ಉತ್ತರ ಬಂತು. ಆಮೇಲೆ ಒಂದು ಮಧ್ಯಾಹ್ನ, ಅಜ್ಜಿ ಹಾಡಿದ ಹಾಗೆಯೇ ಆ ಸ್ವರವನ್ನು ಬರೆದಳು. ನಾಲ್ಕೂ ವಾದ್ಯಗಳ ಹಾಳೆಗಳಲ್ಲಿ ತಿದ್ದಿದಳು.

ಮಸಿ ಆರಿರಲಿಲ್ಲ. ಹೊರಗಿನಿಂದ ಯಾರೋ ಕೂಗಿದರು. ಗುರು ನದಿಯ ಮೆಟ್ಟಿಲ ಮೇಲೆ ಕುಸಿದು ಬಿದ್ದಿದ್ದರು.

ಮೀನುಗಾರರು ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದರು. ಪಕ್ಕದ ಊರಿನಿಂದ ಡಾಕ್ಟರು ದೋಣಿಯಲ್ಲಿ ಬಂದು ಎದೆ ನೋಡಿದರು, ಊದಿಕೊಂಡ ಕಾಲನ್ನು ಒತ್ತಿ ನೋಡಿದರು.

"ಹೃದಯ ದಣಿದಿದೆ," ಎಂದರು. "ಇದು ಇವತ್ತಿನದಲ್ಲ. ಇವರಿಗೂ ಗೊತ್ತಿತ್ತು."

ಇವತ್ತಿನದಲ್ಲ ಎಂಬ ಮಾತು ಜುಲ್ಮೀರಾಳ ಕಿವಿಗೆ ಬಿತ್ತು. ಒಳಗೆ ಇಳಿಯಲಿಲ್ಲ. ಡಾಕ್ಟರು ಹೋದ ಮೇಲೆ ಅವಳು ಹಾಳೆಗಳನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಹಾಕಿದಳು. ಬೀಗದ ಕೈ ಕೆಳಗೆ ಬಿತ್ತು. ಹುಡುಕಿ ತೆಗೆದು ಬಿಗಿಯಾಗಿ ಹಿಡಿದುಕೊಂಡಳು.

ಅಂದಿನಿಂದ ಆ ಮನೆಯಲ್ಲಿ ಸಂಗೀತ ನಿಂತಿತು. ಅವಳು ಗಂಜಿ ಕಾಯಿಸುತ್ತಿದ್ದಳು, ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದಳು. ಪಾತ್ರೆ ತೊಳೆಯುವಾಗ ಬಾಯಲ್ಲಿ ಹಾಡು ಬರುತ್ತಿದೆ ಅನ್ನಿಸಿದರೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ಗುರು ನಿದ್ದೆ ಹೋದರೆ ಹತ್ತಿರ ಬಂದು ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದಳು. ಒಮ್ಮೊಮ್ಮೆ ಗುರು ನಿದ್ದೆ ಬಂದವರ ಹಾಗೆ ಮಲಗಿ ಅವಳನ್ನೇ ನೋಡುತ್ತಿದ್ದರು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರು ಕೇಳಿದರು.

"ನಿನ್ನ ಫ್ಯೂಗ್ ಎಲ್ಲಿ?"

"ಅದರ ಕೊನೆ ಸರಿಯಾಗಿ ಬರಲಿಲ್ಲ, ಮೇಸ್ತ್ರಿ."

"ಬರಲಿಲ್ಲವೋ, ನೀನು ಬರಗೊಡಲಿಲ್ಲವೋ?"

ಅವಳು ಗಂಜಿಯ ಬಟ್ಟಲು ಕೆಳಗಿಟ್ಟಳು.

"ನಾನು ಆ ಸ್ವರ ಇಳಿಸಿದ ಹೊತ್ತಿಗೇ ನೀವು ಬಿದ್ದಿರಿ."

"ಅದಕ್ಕೆ ಮುಂಚೆ ನಾನು ಎಷ್ಟು ಸಲ ಬಿದ್ದಿದೀನಿ, ನಿನಗೇನು ಗೊತ್ತು? ನೀನು ಬರೀತಾ ಕೂತಿರ್ತಿದ್ದೆ. ನಾನೇ ಎದ್ದು ಬರ್ತಿದ್ದೆ."

"ಇರಬಹುದು. ಆದರೂ ನಾನು ಅದನ್ನ ತೆಗೆಯಲ್ಲ."

"ನನಗೇನಾದರೂ ಆಗುತ್ತೆ ಅಂತ ನಿನಗೆ ಭಯ."

"ಹೌದು."

"ನನಗೂ ಭಯ."

ಜುಲ್ಮೀರಾ ತಲೆ ಎತ್ತಿ ನೋಡಿದಳು. ಗುರು ಹೆದರಬಹುದು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಕಂಬಳಿಯ ಮೇಲಿದ್ದ ಅವರ ಕೈ ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು. ಕಾಯಿಲೆಯ ನಡುಕ ಎಂದು ಅವಳು ಅಂದುಕೊಂಡಿದ್ದಳು.

"ನಮ್ಮದು ನಗರದ ಮನೆ," ಎಂದರು ಗುರು. "ದೊಡ್ಡ ಪಿಯಾನೊ ಇತ್ತು. ಸಾಯುವವರ ಹತ್ತಿರ ಕೂತು ಹಾಡೋರು ಯಾರೂ ಇರಲಿಲ್ಲ. ನಮ್ಮಮ್ಮ ಹೋದಾಗ ಚರ್ಚಿನಲ್ಲಿ ಆರ್ಗನ್ ನುಡಿಸಿದ್ದು ನಾನೇ. ಒಂದು ತಪ್ಪೂ ಆಗಲಿಲ್ಲ. ಎಲ್ಲರೂ ಹೊಗಳಿದರು."

ಹೊರಗೆ ಒಂದು ದೋಣಿ ಹಾದುಹೋಯಿತು.

"ಹಾಗಾದರೆ ಆ ಹಾಡು ತರೋಕೆ ಹೇಳಿದ್ದು ನಿಮಗೋಸ್ಕರವಾ?"

"ಮೊದಲು ನಿನಗೋಸ್ಕರವೇ ಹೇಳಿದ್ದು. ಕಾಲು ಊದಿಕೊಂಡ ಮೇಲೆ ನನಗೋಸ್ಕರ." ಗುರು ಉಸಿರು ತೆಗೆದುಕೊಂಡರು. "ನಗರದಿಂದ ನುಡಿಸುವವರನ್ನ ಕರೆಸಿದೀನಿ. ಬರೋ ಭಾನುವಾರ ಬರ್ತಾರೆ."

"ನಾನು ಹಾಳೆ ಕೊಡಲ್ಲ, ಮೇಸ್ತ್ರಿ."

"ಕೊಡಬೇಡ. ಬಂದವರಿಗೆ ಊಟ ಹಾಕಿ ಕಳಿಸು."

ಭಾನುವಾರ ಬಂತು. ನುಡಿಸುವವರು ನಾಲ್ವರು ವಾದ್ಯಗಳ ಪೆಟ್ಟಿಗೆ ಹೊತ್ತು ದೋಣಿಯಿಂದ ಇಳಿದರು. ಅವರಲ್ಲಿ ಹಿರಿಯ ವಾಲ್ದೆಮಾರ್, ಮೊದಲ ಪಿಟೀಲಿನವನು. ಗುರುವಿನ ಹಳೆಯ ಶಿಷ್ಯ. ಮಂಚದ ಹತ್ತಿರ ಬಂದು ಗುರುವಿನ ಮುಖ ನೋಡಿದವನೇ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ಜುಲ್ಮೀರಾ ಮೀನು ಬೇಯಿಸಿ ಬಡಿಸಿದಳು. ಊಟವಾಯಿತು. ಯಾರೂ ಏನೂ ಕೇಳಲಿಲ್ಲ. ನಾಲ್ವರೂ ವಾದ್ಯಗಳನ್ನು ಶ್ರುತಿ ಮಾಡಿಕೊಂಡು ಸುಮ್ಮನೆ ಕೂತರು. ಗುರು ದಿಂಬಿಗೆ ಒರಗಿದ್ದರು. ಅವರ ತುಟಿ ನೀಲಿಯಾಗಿತ್ತು. ಅವರು ಜುಲ್ಮೀರಾಳ ಕಡೆ ನೋಡಲಿಲ್ಲ. ಅವಳನ್ನು ಒತ್ತಾಯಿಸಬಾರದೆಂದು ಕಷ್ಟಪಟ್ಟು ಕಿಟಕಿಯ ಕಡೆಗೇ ನೋಡುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು.

ಅವಳು ಎದ್ದು ಹೋಗಿ ಟ್ರಂಕಿನ ಬೀಗ ತೆಗೆದಳು.

ವಿಯೋಲ ಮೊದಲು ಎತ್ತಿಕೊಂಡಿತು. ಅಜ್ಜಿಯ ದನಿಯ ಎತ್ತರದಲ್ಲೇ ಅವಳು ಅದನ್ನು ಬರೆದಿದ್ದಳು. ಹಾಡು ಆ ಸ್ವರಕ್ಕೆ ಇಳಿದಾಗ ಅವಳ ಮೈ ಜುಮ್ಮೆಂದಿತು. ಎರಡನೆಯ ಪಿಟೀಲು ಹಿಂದಿನಿಂದ ಬಂತು. ಆಮೇಲೆ ಮೊದಲನೆಯದು. ಕೊನೆಗೆ ಸೆಲ್ಲೊ ಕೆಳಗಿನಿಂದ ಅದೇ ಹಾಡು ಹಿಡಿದು ಬಂದಾಗ ಕೋಣೆಯೊಳಗೆ ಜನ ತುಂಬಿಕೊಂಡಂತಾಯಿತು. ಅವಳು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಬಿಸಿಲಿತ್ತು, ಯಾರೂ ಇರಲಿಲ್ಲ.

ಗುರುವಿನ ಕಡೆ ನೋಡಿದಳು.

ಅವರ ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎದೆ ಏರುವುದು ಕಾಣಲಿಲ್ಲ.

"ನಿಲ್ಲಿಸಿ," ಎಂದಳು ಜುಲ್ಮೀರಾ.

ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ನಾಲ್ವರೂ ತಂತಿಯಿಂದ ಕಮಾನು ಎತ್ತಿದರು.

ಆಗ ಅವಳಿಗೆ ಅಜ್ಜಿಯ ಇನ್ನೊಂದು ಮಾತು ನೆನಪಾಯಿತು. ಸಾವಿಲ್ಲದ ಮನೆಯಲ್ಲಿ ಹಾಡುವುದಕ್ಕಿಂತ ಕೆಟ್ಟದ್ದು ಒಂದಿದೆ, ಶುರು ಮಾಡಿ ಅರ್ಧಕ್ಕೆ ಬಿಡುವುದು. ಹೊರಟ ಜೀವ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಮುಂದುವರಿಸಿ ಎನ್ನಲು ಜುಲ್ಮೀರಾಳಿಗೆ ಬಾಯಿ ಬರಲಿಲ್ಲ. ಹತ್ತಿರ ಹೋಗಿ ಮೂಗಿನ ಬಳಿ ಕೈ ಇಟ್ಟು ನೋಡಲು ಧೈರ್ಯ ಬರಲಿಲ್ಲ. ನದಿಯ ನೀರು ಮೆಟ್ಟಿಲಿಗೆ ಬಡಿಯುವುದು ಮಾತ್ರ ಕೇಳುತ್ತಿತ್ತು.

ವಾಲ್ದೆಮಾರ್ ಪಿಟೀಲು ತೊಡೆಯ ಮೇಲಿಟ್ಟು ಮಂಚದ ಕಡೆ ಬಗ್ಗಿದ.

ಗುರು ಕಣ್ಣು ತೆರೆದರು.

ಅವರು ಒಬ್ಬೊಬ್ಬರ ಮುಖವನ್ನೂ ಗುರುತು ಹಚ್ಚುವವರ ಹಾಗೆ ನೋಡಿದರು. ಕೊನೆಗೆ ಜುಲ್ಮೀರಾಳನ್ನು ನೋಡಿದರು.

"ಯಾಕೆ ನಿಂತಿತು?"

"ನೀವು... ನೀವು ಉಸಿರಾಡ್ತಿಲ್ಲ ಅನ್ನಿಸಿತು."

"ಇನ್ನೂ ಉಳಿದಿದೆಯಾ ಹಾಡು?"

"ಇದೆ."

"ಹಾಗಾದರೆ ನೀನು ಹಾಡು. ಅವರು ಜೊತೆಗೆ ಬರಲಿ."

"ನನ್ನಿಂದ ಆಗಲ್ಲ, ಮೇಸ್ತ್ರಿ."

"ಇಲ್ಲಿ ಬಾ. ಕೂತು ಹಾಡು."

ಅವಳು ಮಂಚದ ಅಂಚಿನಲ್ಲಿ ಕೂತಳು. ಗುರು ಅವಳ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು, ನೋಯುವಷ್ಟು. ಅವಳು ಬಾಯಿ ತೆರೆದಳು. ಮೊದಲ ಸಾಲು ಬರೀ ಗಾಳಿಯಾಗಿ ಬಂತು. ಎರಡನೆಯ ಸಾಲಿಗೆ ದನಿ ಸಿಕ್ಕಿತು. ಊರಿನ ಮಾತು, ಊರಿನ ಉಚ್ಚಾರ. ಸೆಲ್ಲೊ ನುಡಿಸುವ ಹೆಂಗಸು ಮೆಲ್ಲಗೆ ಅವಳ ಕೆಳಗೆ ಬಂದು ಸೇರಿದಳು. ಆಮೇಲೆ ವಿಯೋಲ. ಆಮೇಲೆ ಎರಡೂ ಪಿಟೀಲು. ಯಾರು ಯಾರ ಹಿಂದೆ ಹೋಗುತ್ತಿದ್ದಾರೆಂದು ಹೇಳುವಂತಿರಲಿಲ್ಲ.

ಅವಳು ಗುರುವಿನ ಮುಖ ನೋಡಲಿಲ್ಲ. ನೋಡಿದರೆ ಮತ್ತೆ ನಿಲ್ಲಿಸಿಬಿಡುತ್ತೇನೆ ಎಂದು ಹೆದರಿ ಗೋಡೆಯನ್ನೇ ನೋಡುತ್ತ ಹಾಡಿದಳು. ಸ್ವರ ಕೆಳಗಿಳಿಯುವ ಜಾಗ ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಗುರುವಿನ ಬೆರಳು ಅವಳ ಮಣಿಕಟ್ಟನ್ನು ಅದುಮಿತು. ಹಾಡಿನ ಕೊನೆ ಬಂದಾಗ ವಾಲ್ದೆಮಾರನ ಪಿಟೀಲು ಎಲ್ಲರಿಗಿಂತ ತುಸು ತಡವಾಗಿ ನಿಂತಿತು.

ನುಡಿಸುವವರು ಎದ್ದು ಒಬ್ಬೊಬ್ಬರಾಗಿ ಹೊರಗೆ ಹೋದರು. ಚಪ್ಪಾಳೆ ತಟ್ಟುವುದು ಯಾರಿಗೂ ಹೊಳೆಯಲಿಲ್ಲ. ಕಿಟಕಿಯಲ್ಲಿ ಅವರು ಕಾಣುತ್ತಿದ್ದರು. ವಾಲ್ದೆಮಾರ್ ನೀರಿನ ಅಂಚಿಗೆ ಹೋಗಿ ಮುಖ ತೊಳೆದುಕೊಳ್ಳುತ್ತಿದ್ದ.

ಒಳಗೆ ಗುರು, ಶಿಷ್ಯೆ ಇಬ್ಬರೇ ಉಳಿದರು. ಗುರು ಉಸಿರಾಡುತ್ತಿದ್ದರು. ಮೇಲುಸಿರು, ಆದರೂ ಉಸಿರು.

ಜುಲ್ಮೀರಾಳಿಗೆ ಅಳು ಬಂತು. ಒರೆಸಿಕೊಂಡಳು.

"ನೀವು ಇದ್ದೀರಿ," ಎಂದಳು. "ಹಾಡು ಮುಗಿಯಿತು, ನೀವು ಇದ್ದೀರಿ. ಅದು ಯಾರನ್ನೂ ಕರೆಯಲ್ಲ, ಅಲ್ವಾ ಮೇಸ್ತ್ರಿ?"

"ಗೊತ್ತಿಲ್ಲ."

"ಹೌದು ಅನ್ನಿ. ನನ್ನ ಭಯವಾದರೂ ಹೋಗಲಿ."

"ನನ್ನದೇ ಹೋಗಿಲ್ಲ. ನಿನ್ನದನ್ನ ಹೇಗೆ ಕಳಿಸಲಿ?"

ಅವಳ ಮಣಿಕಟ್ಟಿನ ಮೇಲೆ ಅವರ ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಅವರು ಇನ್ನೂ ಬಿಟ್ಟಿರಲಿಲ್ಲ.

"ಡಾಕ್ಟರು ಅವತ್ತು ಹೋಗೋವಾಗ ಬಾಗಿಲ ಹತ್ತಿರ, ನಿಮಗೆ ಇನ್ನು ಸ್ವಲ್ಪವೇ ದಿನ ಅಂದರು," ಎಂದಳು ಅವಳು. ಅದುವರೆಗೆ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. "ಆ ಹೊತ್ತಿಗೆ ಇವರು ಯಾರೂ ಇರಲ್ಲ. ಈ ಮನೆಯಲ್ಲಿ ನಾನೊಬ್ಬಳೇ ಇರ್ತೀನಿ. ನನಗೆ ಕೈಕಾಲು ಆಡಲ್ಲ. ಆಗ ನಾನು ಏನು ಮಾಡಲಿ?"



"ಮೊದಲಿನಿಂದ ಕೊನೆಯವರೆಗೆ ಹಾಡು. ಇವತ್ತು ನೀನು ನಡುವೆ ನಿಲ್ಲಿಸಿದೆಯಲ್ಲ, ಆಗ ಆ ದಾರೀಲಿ ನಾನೊಬ್ಬನೇ ಇದ್ದೆ."